ಸ್ಟ್ರಾಬೆರಿ ಪಾತಿಯ ಅಮ್ಮನೋರು

ನಾನು ಚೊಚ್ಚಲ ಬಸುರಿಯಾಗಿ ತಮಿಳುನಾಡಿನ ಗಡಿಯ ಹೊಸೂರಿನ ತವರುಮನೆಗೆ ಬಂದಾಗ ಎಲ್ಲರಂತೆ ಮಾವಿನಕಾಯಿ ಕೇಳಲಿಲ್ಲ, ಹುಣಸೆಹಣ್ಣು ಕೇಳಲಿಲ್ಲ. ಸ್ಟ್ರಾಬೆರಿ ಬೇಕು ಅಂದೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಆ ಹಣ್ಣನ್ನು ನಾನಾಗಲಿ, ನಮ್ಮ ಬೀದಿಯ ಇನ್ನೊಬ್ಬರಾಗಲಿ ತಿಂದವರಲ್ಲ. ಮದುವೆಯಾದ ಹೊಸದರಲ್ಲಿ ನನ್ನ ಗಂಡ ಬೆಂಗಳೂರಿಗೆ ಕರೆದುಕೊಂಡು ಹೋಗಿ ಗುಲಾಬಿ ಬಣ್ಣದ ಐಸ್‌ಕ್ರೀಮ್ ಕೊಡಿಸಿ, ಇದು ಸ್ಟ್ರಾಬೆರಿದು ಅಂದಿದ್ದರು. ಜಾಮ್ ಬಾಟಲಿಯ ಮೇಲೆ ಚಿತ್ರ ನೋಡಿದ್ದೆ. ನನಗೂ ಆ ಹಣ್ಣಿಗೂ ಇದ್ದ ನೆಂಟಸ್ತಿಕೆ ಇಷ್ಟೇ.

ತಪ್ಪು ನನ್ನದಲ್ಲ, ಅಪ್ಪನದು. ಅವರು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಅವರ ಹಳೆಯ ಶಿಷ್ಯನೊಬ್ಬ ಹತ್ತಿರದ ತಳಿ ಅನ್ನುವ ಊರಿನ ಕಡೆ ಒಂದು ನರ್ಸರಿಯಲ್ಲಿ ಕೆಲಸಕ್ಕಿದ್ದ. ಆತ ಮಳೆಗಾಲ ಮುಗಿಯುವ ಹೊತ್ತಿಗೆ ಒದ್ದೆ ಗೋಣಿತಾಟಿನಲ್ಲಿ ಸುತ್ತಿದ ಒಂದು ಕಂತೆ ಸಸಿ ತಂದುಕೊಟ್ಟು, ನಮ್ಮೂರ ಚಳಿಗೆ ಬರುತ್ತೆ ಸಾರ್, ಹಾಕಿ ನೋಡಿ ಅಂದನಂತೆ. ಅಪ್ಪ ಹಿತ್ತಿಲಲ್ಲಿ ಬಾವಿಯ ಪಕ್ಕ ಉದ್ದಕ್ಕೆ ಒಂದು ಪಾತಿ ಮಾಡಿ ನೆಟ್ಟರು. ನಾನು ಸೀಮಂತ ಮುಗಿಸಿಕೊಂಡು ಬರುವಷ್ಟರಲ್ಲಿ ಅವುಗಳಲ್ಲಿ ಏಳು ಗಿಡ ಉಳಿದು, ಬಿಳಿ ಹೂ ಬಿಟ್ಟು, ಹೂವಿನ ಬುಡದಲ್ಲಿ ಬೆರಳ ತುದಿಯಷ್ಟು ಹಸಿರು ಕಾಯಿ ಕಟ್ಟಿದ್ದವು. ಒಂದೊಂದು ತೊಟ್ಟಿನಲ್ಲೂ ಮೂರು ಎಲೆ, ಬಿಲ್ವಪತ್ರೆಯ ಹಾಗೆ. ಬಸುರಿಯ ಕಣ್ಣಿಗೆ ಅಂಥದ್ದು ಬಿದ್ದ ಮೇಲೆ ಸುಮ್ಮನಿರು ಅಂದರೆ ಹೇಗೆ?

ಅಮ್ಮನಿಗೆ ಇದು ಹುಡುಗಾಟದ ವಿಷಯ ಆಗಿರಲಿಲ್ಲ. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಅನ್ನುವುದು ಅವರಿಗೆ ಸೂರ್ಯ ಮೂಡಲಲ್ಲಿ ಹುಟ್ಟುತ್ತಾನೆ ಅನ್ನುವಷ್ಟೇ ನಿಜ. "ಮಾವಿನಕಾಯಿ ಆಗಿದ್ರೆ ಸಂತೆಯಿಂದ ತರ್ಬೋದಿತ್ತು. ಇದನ್ನ ಎಲ್ಲಿಂದ ತರ್ಲಿ? ಇವಳಿಗೆ ಹೆರಿಗೆ ಆಗೋದ್ರೊಳಗೆ ಒಂದಾದ್ರೂ ಹಣ್ಣು ಆಗ್ಲೇಬೇಕು ಕಣ್ರೀ" ಎಂದು ಅಪ್ಪನಿಗೆ ತಾಕೀತು ಮಾಡಿದರು. ಅಪ್ಪ ಬಯಕೆ, ಕಿವಿ ಇದನ್ನೆಲ್ಲ ನಂಬುವವರಲ್ಲ. ಆದರೆ ನಮ್ಮ ಬೀದಿಯ ಮೊದಲ ಸ್ಟ್ರಾಬೆರಿ ತಮ್ಮ ಹಿತ್ತಿಲಲ್ಲೇ ಆಗಬೇಕು ಅನ್ನುವ ಹಟ ಅವರಿಗಿತ್ತು. ಹೀಗೆ ಒಬ್ಬರಿಗೆ ಕಿವಿ, ಒಬ್ಬರಿಗೆ ಹೆಮ್ಮೆ, ನನಗೆ ನಾಲಿಗೆ.

ಮೊದಲ ಹಣ್ಣು ಸಂಕ್ರಾಂತಿಗೆ ಮುಂಚೆ ಕೆಂಪಾಯಿತು. ಸಂಜೆ ಮೂವರೂ ಸುತ್ತ ನಿಂತು ನೋಡಿದೆವು. ಇನ್ನೊಂದು ದಿನ ಬಿಟ್ಟರೆ ಚೆನ್ನಾಗಿ ಕಳಿಯುತ್ತೆ ಅಂದರು ಅಪ್ಪ. ಬೆಳಿಗ್ಗೆ ಹೋಗಿ ನೋಡಿದರೆ ಬರೀ ತೊಟ್ಟು. ಕಾಂಪೌಂಡ್ ಗೋಡೆಯ ಮೇಲೆ ಒಂದು ಅಳಿಲು ಮುಂಗಾಲೆರಡರಲ್ಲಿ ಮೂತಿ ಒರೆಸಿಕೊಳ್ಳುತ್ತಾ ಕೂತಿತ್ತು. ನನಗೆ ಮೊದಲಿಂದಲೂ ಮೂಗಿನ ತುದಿಯಲ್ಲೇ ಕೋಪ. ಬಸುರಿಯಾದ ಮೇಲಂತೂ ಅದಕ್ಕೆ ಲೈಸೆನ್ಸು ಸಿಕ್ಕ ಹಾಗಾಗಿತ್ತು. ಕಾಲಲ್ಲಿದ್ದ ಚಪ್ಪಲಿ ತೆಗೆದು ಎಸೆದೆ. ಅದು ಗೋಡೆ ದಾಟಿ ಪಕ್ಕದ ಮನೆಯ ದನದ ಕೊಟ್ಟಿಗೆಯಲ್ಲಿ ಬಿತ್ತು. ಅಳಿಲು ಅಲ್ಲಾಡಲಿಲ್ಲ.

ಆ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಮಾತೃಭಾಷೆ ತೆಲುಗು, ನಮ್ಮ ಜೊತೆ ಕನ್ನಡ, ಹಾಲಿನ ವ್ಯಾಪಾರ ತಮಿಳಿನಲ್ಲಿ. ಚಪ್ಪಲಿಯನ್ನು ಗೋಡೆಯ ಮೇಲಿಂದ ವಾಪಸ್ ಕೊಡುತ್ತಾ, "ಅಳಿಲಿಗೆ ಕೈ ಎತ್ತಬ್ಯಾಡ ಅಮ್ಮಣ್ಣಿ, ರಾಮದೇವ್ರು ಬೆನ್ ಸವರಿರೋ ಪ್ರಾಣಿ" ಅಂದರು. ರಾಮದೇವರು ಬೆನ್ನು ಸವರಿದ್ದು ಸೇತುವೆ ಕಟ್ಟಿದ್ದಕ್ಕೆ, ಕಳ್ಳತನಕ್ಕಲ್ಲ ಅಂದೆ. ಅಜ್ಜಿ ನಕ್ಕು ಹಾಲು ಕರೆಯಲು ಹೋದರು.

ಅಲ್ಲಿಂದ ನಮ್ಮ ಯುದ್ಧ ಶುರು. ಅಳಿಲೊಂದೇ ಅಲ್ಲ, ಆ ಪಾತಿಗೆ ಬೀದಿಯ ಜೀವರಾಶಿಯೆಲ್ಲ ಗಿರಾಕಿ. ಅರ್ಧ ಕೆಂಪಾದದ್ದನ್ನು ಪಿಕಳಾರ ಹಕ್ಕಿ ಕುಕ್ಕುತ್ತಿತ್ತು, ನೆಲಕ್ಕೆ ತಾಗಿದ್ದನ್ನು ಬಸವನಹುಳು ಕೊರೆಯುತ್ತಿತ್ತು, ಮಿಕ್ಕಿದ್ದನ್ನು ಇಲಿ ನೋಡಿಕೊಳ್ಳುತ್ತಿತ್ತು. ಅಪ್ಪ ಯಾರೋ ಹೇಳಿದರು ಅಂತ ಹಣ್ಣಿನ ಕೆಳಗೆ ರಾಗಿ ಹುಲ್ಲು ಹಾಸಿದರು. ಇಲಿ ಅದರಲ್ಲೇ ಸಂಸಾರ ಹೂಡಿತು. ಊಟವೂ ಅಲ್ಲೇ, ಹಾಸಿಗೆಯೂ ಅಲ್ಲೇ, ಇದಕ್ಕಿಂತ ಒಳ್ಳೆಯ ಛತ್ರ ಎಲ್ಲಿ ಸಿಗುತ್ತೆ ಎಂದು ಅಮ್ಮ ಅಪ್ಪನನ್ನು ಒಂದು ವಾರ ಆಡಿಕೊಂಡರು.

ಹುಲ್ಲು ತೆಗೆದು ಬೇವಿನ ಸೊಪ್ಪು ಹಾಸಿದೆವು, ಹುಳ ಬರದಿರಲಿ ಅಂತ. ಬಸವನಹುಳು ಹತ್ತದ ಹಾಗೆ ಅಮ್ಮ ಪಾತಿಯ ಸುತ್ತ ಒಲೆಯ ಬೂದಿಯ ಗೆರೆ ಎಳೆದರು. ಇರುವೆಗೆ ಅರಿಸಿನ ಉದುರಿಸಿದರು. ಕಣ್ಣು ಬೀಳದಿರಲಿ ಅಂತ ಒಂದು ಕೋಲು ನೆಟ್ಟು ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ಅಪ್ಪ ಬೇಡ ಅನ್ನಲಿಲ್ಲ. ಆ ಹೊತ್ತಿಗೆ ಅವರ ವಿಜ್ಞಾನ ಸ್ವಲ್ಪ ಸೋತಿತ್ತು.

ಆಮೇಲೆ ಅಮ್ಮನ ಹಳೆಯ ಹಳದಿ ಸೀರೆಯೊಂದನ್ನು ನಾಲ್ಕು ಗೂಟಕ್ಕೆ ಚಪ್ಪರದಂತೆ ಕಟ್ಟಿದೆವು. ಸೀರೆ ಹಳೆಯದು ಎಂದೆನಲ್ಲ, ಅದರಲ್ಲೊಂದು ತೂತು. ಅಳಿಲು ಆ ತೂತಿನಲ್ಲಿ ಇಳಿಯಿತು. ಇಳಿದದ್ದು ಹತ್ತುವ ದಾರಿ ಕಾಣದೆ ಒಳಗೊಳಗೇ ಸುತ್ತು ಹೊಡೆಯಿತು. ಗಾಬರಿಯಲ್ಲಿ ಅದು ಓಡಾಡಿದ್ದಕ್ಕೆ ಇನ್ನೂ ಹಸಿರಾಗಿದ್ದ ಕಾಯಿಗಳೂ ಉದುರಿದವು. ಹೊರಗೆ ಬಿಡಲು ಹೋದ ಅಪ್ಪನ ಲುಂಗಿಯೊಳಗಿಂದಲೇ ಅದು ದಾರಿ ಮಾಡಿಕೊಂಡು ಪಾರಾಯಿತು. ಅಪ್ಪ ಕುಣಿದ ಕುಣಿತಕ್ಕೆ ನಾನು ಹೊಟ್ಟೆ ಹಿಡಿದುಕೊಂಡು ಬಾವಿಕಟ್ಟೆಯ ಮೇಲೆ ಕೂತುಬಿಟ್ಟೆ. ಅಮ್ಮ ಇಬ್ಬರಿಗೂ ಬೈದರು, ನನಗೆ ನಕ್ಕಿದ್ದಕ್ಕೆ, ಅಪ್ಪನಿಗೆ ನಗಿಸಿದ್ದಕ್ಕೆ.

ಅಜ್ಜಿ ತಮ್ಮ ಕರುವಿನ ಕೊರಳ ಗಂಟೆಯೊಂದನ್ನು ಕೊಟ್ಟರು. ಸೀರೆಯ ಅಂಚಿಗೆ ಕಟ್ಟಿ, ಯಾವುದಾದರೂ ಪ್ರಾಣಿ ಮುಟ್ಟಿದರೆ ಗೊತ್ತಾಗುತ್ತೆ ಅಂದರು. ಗಾಳಿಗೂ ಅದು ಬಡಿದುಕೊಳ್ಳುತ್ತಿತ್ತು. ಪ್ರತಿ ಸಲ ನಾನು ಆ ದೊಡ್ಡ ಹೊಟ್ಟೆ ಹೊತ್ತು ಕೋಲು ಹಿಡಿದು ಹಿತ್ತಿಲಿಗೆ ಹೋಗಬೇಕು, ಗಾಳಿಗೆ ಬೈದು ಬರಬೇಕು.

ಕೊನೆಯ ಉಪಾಯ ಅಪ್ಪನದು. ಹಣ್ಣು ಕೆಂಪಾಗುವ ಮೊದಲೇ ಪಾತಿಯಲ್ಲಿ ಕೆಂಪು ಬಳಿದ ಕಲ್ಲಿಡಬೇಕು, ಹಕ್ಕಿ ಬಂದು ಕುಕ್ಕುತ್ತೆ, ಕೊಕ್ಕು ನೋಯುತ್ತೆ, ಕೆಂಪು ಅಂದರೆ ಕಲ್ಲು ಅಂತ ಕಲಿತು ಮುಂದೆ ನಿಜವಾದ ಹಣ್ಣು ಕಂಡರೂ ದೂರ ಹೋಗುತ್ತೆ, ಇದು ಅವರ ಪಾಠ. ಸ್ಕೂಲಿನಲ್ಲಿ ಪಾಠ ಮಾಡಿದ ಹಾಗೆಯೇ ನಮಗೂ ಮಾಡಿದರು. ಹೊಳೆಯ ದಡದಿಂದ ನುಣುಪಾದ ಕಲ್ಲು ಆರಿಸಿ ತಂದರು. ಬಣ್ಣ ಅಜ್ಜಿಯ ಮನೆಯಿಂದ ಬಂತು. ಸಂಕ್ರಾಂತಿಗೆ ದನದ ಕೊಂಬಿಗೆ ಬಳಿದು ಮಿಕ್ಕಿದ್ದ ಕೆಂಪು ಬಣ್ಣ ಒಂದು ತೆಂಗಿನ ಚಿಪ್ಪಿನಲ್ಲಿತ್ತು. ಅಪ್ಪ ಬಳಿದು ಒಣಗಿಸಿ, ಒಂದು ಗಿಡದ ಬುಡಕ್ಕೆ ಒಂದರಂತೆ ಸಾಲಾಗಿ ಇಟ್ಟರು. ಏಳು ಗಿಡ, ಏಳು ಕಲ್ಲು.

ಈಗ ನೀವೇ ಯೋಚಿಸಿ. ಬಿಲ್ವದಂಥ ಎಲೆಯ ಗಿಡ. ಬುಡದಲ್ಲಿ ಬೇವಿನ ಸೊಪ್ಪು, ಸುತ್ತ ಬೂದಿ, ಮೇಲೆ ಅರಿಸಿನ. ನಿಂಬೆಹಣ್ಣಿನ ಕೋಲು, ಹಳದಿ ಸೀರೆಯ ಚಪ್ಪರ, ಒಂದು ಗಂಟೆ. ಅದರ ನಡುವೆ ಸಾಲಾಗಿ ಏಳು ಕೆಂಪು ಕಲ್ಲು. ನಾವು ಮೂವರೂ ಅಲ್ಲೇ ಇದ್ದೆವು, ಮೂವರಿಗೂ ಕಣ್ಣಿತ್ತು, ಆದರೆ ನಮಗೆ ಕಂಡದ್ದು ಬರೀ ಸ್ಟ್ರಾಬೆರಿ.

ಬೇಸಿಗೆ ಹತ್ತಿರವಾಗುತ್ತಿದ್ದಂತೆ ಬೀದಿಯ ಹೆಂಗಸರು ನಮ್ಮ ಬಾವಿಗೆ ನೀರು ಸೇದಲು ಬರುವುದು ವಾಡಿಕೆ. ಒಂದು ಶುಕ್ರವಾರ ಬೆಳಿಗ್ಗೆ ಹಿತ್ತಿಲ ಬಾಗಿಲು ತೆಗೆದರೆ ಏಳು ಕಲ್ಲಿಗೂ ಕುಂಕುಮ ಇಟ್ಟಿತ್ತು, ತಲೆಯ ಮೇಲೆ ಒಂದೊಂದು ಕನಕಾಂಬರ, ಮುಂದೆ ಒಡೆದ ತೆಂಗಿನಕಾಯಿ. ತಮಿಳಿನವರು ಇದು ಕನ್ನಿಮಾರ್ ಅಂದರು. ತೆಲುಗಿನವರು ಅಕ್ಕದೇವತಲು ಅಂದರು. ನಮ್ಮವರು ಏಳು ಜನ ಅಕ್ಕಮ್ಮಂದಿರು ಅಂದರು. ಯಾವ ಭಾಷೆಯಲ್ಲಿ ಕರೆದರೂ ಅಮ್ಮನೋರು ಮೇಷ್ಟ್ರ ಹಿತ್ತಿಲಲ್ಲಿ ಬಂದು ಕೂತಿದ್ದಾರೆ ಅನ್ನುವುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ.

ಅಪ್ಪ ಹೌಹಾರಿದರು. ಬಾವಿಕಟ್ಟೆಯ ಹತ್ತಿರ ನಿಂತು, ಇವು ನಾನು ಬಳಿದ ಕಲ್ಲು, ಹಕ್ಕಿ ಓಡಿಸೋಕೆ ಇಟ್ಟದ್ದು ಎಂದು ಮೂರು ಭಾಷೆಯಲ್ಲೂ ವಿವರಿಸಿದರು. ಹೆಂಗಸರು ಗೌರವದಿಂದ ಕೇಳಿಸಿಕೊಂಡು, ಕೈ ಮುಗಿದು, ನೀರು ಹೊತ್ತು ಹೋದರು. ಕೊನೆಗೆ ಅಪ್ಪ ಅಜ್ಜಿಯನ್ನು ಹಿಡಿದುಕೊಂಡರು. "ನೀವಾದ್ರೂ ಹೇಳಿ. ಬಣ್ಣ ಕೊಟ್ಟೋರೇ ನೀವಲ್ವಾ?"

ಅಜ್ಜಿ ಆ ಹೊತ್ತಿಗೆ ಕಲ್ಲುಗಳ ಮುಂದೆ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. "ಬಣ್ಣ ನಂದೇ ಮೇಷ್ಟ್ರೆ, ಕಲ್ಲು ನಿಮ್ದೇ. ನಾನು ಇಲ್ಲ ಅಂದ್ನಾ? ಆದ್ರೆ ಬಂದು ಕುಂತವ್ಳು ನಿಮ್ಮೋಳೂ ಅಲ್ಲ, ನಮ್ಮೋಳೂ ಅಲ್ಲ" ಅಂದರು. ಅಪ್ಪ ಒಳಗೆ ಹೋಗಿ ಕಾಫಿ ಕೇಳಿದರು.

ನಾನು ಮಾತ್ರ ಉರಿದುಬಿದ್ದೆ. ಇಲ್ಲಿಯವರೆಗೆ ಬರೀ ಅಳಿಲು, ಇಲಿ. ಈಗ ತೆಂಗಿನಕಾಯಿ ಚೂರು, ಬಾಳೆಹಣ್ಣು, ಕಡಲೆಪುರಿ ಎಲ್ಲ ಸುರಿದರೆ ಕಾಗೆ, ಗೊರವಂಕ, ಬೀದಿಯ ಕೋಳಿ ಎಲ್ಲ ಬರೋಲ್ಲವೇ? ಬಂದವು. ಅಳಿಲು ತನ್ನ ಬಂಧುಬಳಗ ಕರೆದುಕೊಂಡು ಬಂತು. ಇನ್ನು ನನ್ನ ಹಣ್ಣಿನ ಆಸೆ ಬಿಟ್ಟಂತೆಯೇ ಅಂದುಕೊಂಡು ಎರಡು ದಿನ ಹಿತ್ತಿಲಿಗೇ ಹೋಗಲಿಲ್ಲ.

ಮೂರನೆಯ ದಿನ ಅಮ್ಮ ಕೂಗಿ ಕರೆದರು. ಹೋಗಿ ನೋಡಿದರೆ ನಡುವಿನ ಗಿಡದಲ್ಲಿ ಒಂದು ಕಾಯಿ ಬಣ್ಣ ತಿರುಗುತ್ತಿತ್ತು, ಒಂದು ಗೀರಿಲ್ಲ. ಪಕ್ಕದಲ್ಲೇ ಅಳಿಲು ಕೊಬ್ಬರಿ ಚೂರು ಹಿಡಿದು ಕೂತಿತ್ತು. ಕೆಂಪಾಗುತ್ತಿದ್ದ ಹಣ್ಣನ್ನು ಒಮ್ಮೆ ನೋಡಿತು, ಕೊಬ್ಬರಿಯನ್ನೇ ತಿಂದಿತು. ಹಕ್ಕಿಗಳಿಗೆ ಬಾಳೆಹಣ್ಣು, ಇಲಿಗೆ ಕಡಲೆಪುರಿ. ಹಬ್ಬದ ಊಟ ಬಡಿಸಿಟ್ಟಿರುವಾಗ ಹುಳಿ ಹಣ್ಣು ಯಾರಿಗೆ ಬೇಕು? ಬೂದಿಯಿಂದ, ಗಂಟೆಯಿಂದ, ಅಪ್ಪನ ಪಾಠದಿಂದ ಆಗದ್ದು ಬೀದಿಯ ಹೆಂಗಸರ ಭಕ್ತಿಯಿಂದ ಆಗಿತ್ತು. ನನಗಾದ ಸಂತೋಷಕ್ಕೆ ನಾನೇ ಎರಡು ಬಾಳೆಹಣ್ಣು ತಂದು ಅಮ್ಮನೋರ ಮುಂದೆ ಇಟ್ಟೆ, ಅಳಿಲಿಗೆ ಕಾಣುವ ಹಾಗೆ.

ಹಣ್ಣು ದಿನದಿನಕ್ಕೂ ಕೆಂಪಾಯಿತು. ನಾನು ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ಅದರ ಮುಖ ನೋಡುತ್ತಿದ್ದೆ. ಶುಕ್ರವಾರ ಕೀಳೋಣ ಅಂತ ಅಮ್ಮ ದಿನ ಗೊತ್ತು ಮಾಡಿದರು. ಅಪ್ಪ ಎರಡು ಸಲ ಮಾತ್ರ, ನಾನು ನೆಟ್ಟ ಗಿಡ ಅಲ್ಲವಾ ಅಂದರು. ಅವರ ಮಟ್ಟಿಗೆ ಅದು ಬಹಳ ಕಡಿಮೆ.

ಆದರೆ ಸುದ್ದಿಗೆ ಬಸ್ ಬೇಕಿಲ್ಲ. ಅದು ಆಗಲೇ ದೂರದ ಬೇರಿಕೆ ಊರನ್ನು ಮುಟ್ಟಿತ್ತು. ಶುಕ್ರವಾರ ನಾನು ತಲೆಗೆ ನೀರು ಹಾಕಿಕೊಂಡು ಹಿತ್ತಿಲಿಗೆ ಬರುವಷ್ಟರಲ್ಲಿ ಪಾತಿಯ ಮುಂದೆ ಇಬ್ಬರು ಕೂತಿದ್ದರು. ಒಬ್ಬರು ಬಿಗಿಯಾದ ಮುಖದ ಅತ್ತೆ, ಇನ್ನೊಬ್ಬಳು ನನ್ನದೇ ವಯಸ್ಸಿನ ಅವರ ಸೊಸೆ. ಬೇರಿಕೆಯಿಂದ ಮೊದಲ ಬಸ್ಸಿಗೆ ಬಂದಿದ್ದರು. ಸೊಸೆಗೆ ಮದುವೆಯಾಗಿ ಬಹಳ ವರ್ಷ, ಮಕ್ಕಳಿಲ್ಲ. ಅಜ್ಜಿ ಅವರಿಗೆ ಎಲ್ಲ ಹೇಳಿ ಮುಗಿಸಿದ್ದರು. ಅಮ್ಮನೋರು ತಾವಾಗೇ ಒಂದು ಹಣ್ಣು ಕಾಪಾಡಿಕೊಂಡಿದ್ದಾರೆ, ತುಂಬು ಬಸುರಿ ತನ್ನ ಕೈಯಾರೆ ಅದನ್ನು ಕಿತ್ತು ಮಡಿಲಿಗೆ ಹಾಕಿದರೆ ಮಡಿಲು ತುಂಬುತ್ತೆ, ಈ ಮನೆಯಲ್ಲಿ ಬಸುರಿಯೂ ಇದ್ದಾಳೆ, ಇನ್ನೇನು ಬೇಕು?

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಅದು ನಿಜವಾಗಿ ಹೇಗಿರುತ್ತೆ ಅಂತ ಅವತ್ತು ನನಗೆ ಗೊತ್ತಾಯಿತು. ಅಳಿಲಿನಿಂದ ಉಳಿಸಿಕೊಂಡೆ, ಹಕ್ಕಿಯಿಂದ ಉಳಿಸಿಕೊಂಡೆ, ಇವರಿಂದ ಹೇಗೆ ಉಳಿಸಿಕೊಳ್ಳಲಿ? ಚಪ್ಪಲಿ ಎಸೆಯುವ ಹಾಗೂ ಇರಲಿಲ್ಲ.

ಅಮ್ಮ ಮುಂದೆ ಬಂದರು. "ಅದೊಂದಾಗಲ್ಲ ಕಣ್ರಮ್ಮ. ನನ್ ಮಗಳ ಬಯಕೆ ಹಣ್ಣು ಅದು. ತಿಂಗಳಿಂದ ಕಾಯ್ಕೊಂಡವ್ಳೆ."

"ಅಮ್ಮನೋರ ಮುಂದೆ ಆಗಿದ್ದು ಅಮ್ಮನೋರ ಹಣ್ಣು" ಅಂದರು ಅಜ್ಜಿ. "ದೇವರು ಕೊಟ್ರೂ ಪೂಜಾರಿ ಕೊಡ ಅಂದಂಗೆ ನೀವು ಅಡ್ಡ ನಿಲ್ಬ್ಯಾಡಿ."

"ಮಡಿಲು ಒಡ್ಡಿ ಕೇಳಿದ್ಮೇಲೆ ಇಲ್ಲ ಅಂತಾರಾ?" ಅಂದರು ಬೇರಿಕೆಯ ಅತ್ತೆ.

"ಬಸುರಿ ಬಾಯಿಂದ ಕಿತ್ಕೊಂತಾರಾ?" ಅಂದರು ಅಮ್ಮ.

ನೀರಿಗೆ ಬಂದಿದ್ದ ಹೆಂಗಸರು ಕೊಡ ಕೆಳಗಿಟ್ಟು ಎರಡು ಪಕ್ಷವಾದರು. ಅಜ್ಜಿಗೆ ಸಿಟ್ಟು ಬಂದರೆ ತೆಲುಗು, ಅಮ್ಮನಿಗೆ ಸಿಟ್ಟು ಬಂದರೆ ಕನ್ನಡ, ಬಾವಿಯ ಕಡೆಯಿಂದ ತಮಿಳು. ಕಿವಿ ಸೋರುವುದು ಹೆಚ್ಚೋ ಮಡಿಲು ಬರಿದಾಗಿರುವುದು ಹೆಚ್ಚೋ ಎಂದು ದೊಡ್ಡ ನ್ಯಾಯವೇ ನಡೆಯಿತು. ಅಪ್ಪ ಬಾಗಿಲಲ್ಲಿ ಒಮ್ಮೆ ಕಾಣಿಸಿ, ಪರಿಸ್ಥಿತಿ ನೋಡಿ, ಇವತ್ತು ಸ್ಕೂಲಿಗೆ ಬೇಗ ಹೋಗಬೇಕು ಅಂದು ಮಾಯವಾದರು.

ನಾನು ಗಲಾಟೆಯ ಮಧ್ಯೆ ಕಷ್ಟಪಟ್ಟು ಕೆಳಗೆ ಕೂತು ಹಣ್ಣನ್ನು ಕಿತ್ತುಕೊಂಡೆ. ಕೊಡಬೇಕು ಅಂತ ಕಿತ್ತೆನೋ ತಿನ್ನಬೇಕು ಅಂತ ಕಿತ್ತೆನೋ ನನಗೇ ಗೊತ್ತಿರಲಿಲ್ಲ. ಅಂಗೈಯಲ್ಲಿ ಅದು ಎಷ್ಟು ಚಿಕ್ಕದಾಗಿತ್ತು. ಎದುರಿಗೆ ಆ ಹುಡುಗಿ ಸೆರಗು ಒಡ್ಡಿಕೊಂಡು ಕೂತಿದ್ದಳು. ಅತ್ತೆಯ ಕಣ್ಣು ಬೇರೆ ಕಡೆ ಇರುವುದನ್ನು ನೋಡಿ ನನ್ನ ಕಡೆ ಬಗ್ಗಿದಳು.

"ನೀವೇ ತಿನ್ನಿ ಅಕ್ಕ" ಅಂದಳು ಮೆಲ್ಲಗೆ. "ನಂಗೆ ಕೊಡದಿದ್ರೂ ಆಯ್ತದೆ. ನಮ್ಮತ್ತೆ ಎಲ್ಲೆಲ್ಲಿ ದೇವ್ರು ಅಂದ್ರೂ ಕರ್ಕೊಂಡೋಯ್ತಾರೆ. ನಂಗೆ ಬಸ್ನಾಗೆ ಕಿಟ್ಕಿ ಪಕ್ಕ ಸೀಟ್ ಸಿಕ್ಕುದ್ರೆ ಸಾಕು, ಇವತ್ತು ಸಿಕ್ತು."

ನಾನು ಅವಳ ಮುಖ ನೋಡಿದೆ. ಅದರಲ್ಲಿ ಕೊರಗು ಇರಲಿಲ್ಲ, ಊರು ನೋಡಲು ಬಂದವಳ ಖುಷಿ ಇತ್ತು, ಜೊತೆಗೆ ಕಣ್ಣು ನನ್ನ ಅಂಗೈಯ ಮೇಲೆಯೇ ಇತ್ತು. ಅವಳಿಗೂ ಆ ಹಣ್ಣು ಹೇಗಿರುತ್ತೆ ಅಂತ ತಿಳಿಯುವ ಆಸೆ. ಮಡಿಲಿಗಲ್ಲ, ನಾಲಿಗೆಗೆ. ಅದನ್ನು ಕಂಡ ತಕ್ಷಣ ನನ್ನ ಸಿಟ್ಟು ಎಲ್ಲಿಗೆ ಹೋಯಿತೋ, ಅವಳ ಮೇಲೆ ಅಷ್ಟು ಪ್ರೀತಿ ಬಂದುಬಿಟ್ಟಿತು.

ಚಿಕ್ಕವರಿದ್ದಾಗ ಸ್ಕೂಲಿನಲ್ಲಿ ಒಂದು ಪೆಪ್ಪರ್‌ಮಿಂಟ್ ಸಿಕ್ಕರೆ ಅದನ್ನು ಲಂಗದ ತುದಿಯಲ್ಲಿ ಸುತ್ತಿ, ಬಟ್ಟೆಯ ಮೇಲಿಂದ ಕಚ್ಚಿ ಎರಡು ಮಾಡುತ್ತಿದ್ದೆವು. ಬಟ್ಟೆ ಅಡ್ಡ ಇದ್ದರೆ ಎಂಜಲಲ್ಲ. ನಾವು ಅದಕ್ಕೆ ಕಾಗೆ ಎಂಜಲು ಅನ್ನುತ್ತಿದ್ದೆವು, ತಮಿಳಿನ ಮಕ್ಕಳು ಕಾಕಾ ಕಡಿ, ತೆಲುಗಿನವರು ಕಾಕಿ ಎಂಗಿಲಿ. ಭಾಷೆ ಮೂರಾದರೂ ಕಾಗೆ ಒಂದೇ. ನಾನು ಸೆರಗಿನ ತುದಿಯನ್ನು ಹಣ್ಣಿನ ಮೇಲೆ ಸುತ್ತಿ ಅವಳ ಕಡೆ ನೋಡಿದೆ. ಅವಳಿಗೆ ಒಂದು ಮಾತೂ ಹೇಳಬೇಕಾಗಲಿಲ್ಲ. ಒಡ್ಡಿದ್ದ ಸೆರಗನ್ನು ಬಿಟ್ಟು, ಹತ್ತಿರ ಸರಿದು, ದೊಡ್ಡವರಿಗೆ ಕಾಣದ ಹಾಗೆ ಬೆನ್ನು ಅಡ್ಡ ಕೊಟ್ಟಳು.

ಕಚ್ಚಿದೆ. ಪೆಪ್ಪರ್‌ಮಿಂಟಿನ ಹಾಗೆ ಅದು ಟಕ್ಕೆಂದು ಮುರಿಯುವ ವಸ್ತುವಲ್ಲ. ಅರ್ಧ ರಸವನ್ನು ಸೆರಗೇ ಕುಡಿಯಿತು. ಉಳಿದದ್ದರಲ್ಲಿ ಒಂದು ತುಂಡು ನನ್ನ ಬಾಯಿಗೆ, ಒಂದು ಅವಳ ಬಾಯಿಗೆ. ಮೊದಲು ಎಂಥ ಹುಳಿ ಅಂದರೆ ಇಬ್ಬರ ಕಣ್ಣೂ ಮುಚ್ಚಿಕೊಂಡವು. ಆಮೇಲೆ, ಹುಳಿಯ ಹಿಂದೆ, ಹೂವಿನ ವಾಸನೆಯಂಥ ಒಂದು ಸಿಹಿ ಬಂತು. ಐಸ್‌ಕ್ರೀಮಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಇನ್ನೊಂದು ಸಿಕ್ಕಿದ್ದರೆ ಅದನ್ನೂ ಹೀಗೆಯೇ ಹಂಚಿಕೊಂಡು ತಿನ್ನುತ್ತಿದ್ದೆ. ಅವಳು ಒಂದು ಕಣ್ಣು ತೆರೆದು ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ, ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ನಗುವಿನ ಸದ್ದಿಗೆ ನ್ಯಾಯ ನಿಂತಿತು. ಎಲ್ಲರೂ ತಿರುಗಿದರು. ಗಿಡದಲ್ಲಿ ಬರೀ ತೊಟ್ಟು.

"ಹಣ್ಣೆಲ್ಲಿ?" ಅಂದರು ಅಮ್ಮ.

ನನ್ನ ಬಾಯಿ ಇನ್ನೂ ತುಂಬಿತ್ತು. ಅವಳೇ ಬೇಗ ನುಂಗಿ, ಎದ್ದು ನಿಂತು, ತಲೆಯ ಮೇಲೆ ಸೆರಗು ಹೊದ್ದು, ಬಹಳ ವಿನಯದಿಂದ ಹೇಳಿದಳು. "ಅಳಿಲು ಕಚ್ಕೊಂಡೋಯ್ತು."

ಅಮ್ಮ ನನ್ನ ಸೆರಗಿನ ಕೆಂಪು ಕಲೆ ನೋಡಿ, ನೋಡದವರ ಹಾಗೆ ಕಲ್ಲುಗಳ ಕಡೆ ತಿರುಗಿ ಕೈ ಮುಗಿದರು. ಅಜ್ಜಿ ಬಗ್ಗಿ ದೀಪದ ಬತ್ತಿ ಸರಿಮಾಡಿದರು. ಬೇರಿಕೆಯ ಅತ್ತೆ ಮಾತ್ರ ಸೊಸೆಯ ಹತ್ತಿರ ಬಂದು ಅವಳ ಮುಖವನ್ನೇ ನೋಡುತ್ತಾ ನಿಂತರು. ಈಗ ಬಯ್ಯುತ್ತಾರೆ ಅಂದುಕೊಂಡು ನಾನು ಅವಳ ಕೈ ಹಿಡಿದುಕೊಂಡೆ. ಅವಳ ತುಟಿಯ ಸುತ್ತ ರಸ ಹತ್ತಿತ್ತು, ನಗು ಇನ್ನೂ ಪೂರ್ತಿ ಇಳಿದಿರಲಿಲ್ಲ.

"ಹೋಗ್ಲಿ ಬುಡು" ಅಂದರು ಅತ್ತೆ. "ಆ ಅಳಿಲು ತಣ್ಗಿರ್ಲಿ."

ಹಾಗಂದು ತಮ್ಮ ಸೆರಗಿನ ತುದಿಯನ್ನು ನಾಲಿಗೆಯಲ್ಲಿ ಒದ್ದೆ ಮಾಡಿಕೊಂಡು, ಎಳೆ ಮಗುವಿನ ಬಾಯಿ ಒರೆಸುವ ಹಾಗೆ ಸೊಸೆಯ ತುಟಿ ಒರೆಸಿದರು.